ಒಂದು ಕೂಗಳತೆ

ದರ್ಜಿ ಬಂಡೆಯ ಹಿಂದೆ ಕುಳಿತು ಎರಡು ಗಂಟೆಯಾಗಿತ್ತು. ಈವರೆಗೆ ಒಬ್ಬನೂ ಅವನನ್ನು ಕೂಗಿರಲಿಲ್ಲ.

ಅವನೇನೂ ದಾರಿ ತಪ್ಪಿರಲಿಲ್ಲ. ಬೇಕೆಂದೇ ಬಂದು ಕುಳಿತಿದ್ದ. ಡೇರೆಯಿಂದ ಇಲ್ಲಿಗೆ ಒಂದು ಕೂಗಳತೆ, ಅಷ್ಟೆ. ಗಂಟಲೆತ್ತಿ ಕರೆದರೆ ಕೇಳಿಸುತ್ತದೆ. ಕರೆದರೆ ತಾನೇ!

ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ನಾಲ್ವರು ಅವರು: ದರ್ಜಿ, ಕಾಂಪೌಂಡರ್, ಪೇಂಟರ್, ಬೀಗ ರಿಪೇರಿಯವನು. ಮೂವತ್ತು ವರ್ಷದಿಂದ, ವರ್ಷಕ್ಕೆರಡು ದಿನ ಕಾಡಿನಲ್ಲಿ ಡೇರೆ ಹಾಕುವುದು ವಾಡಿಕೆ. ಮೊದಲೆಲ್ಲ ಒಬ್ಬನ ಬಾಯಿ ಮುಚ್ಚಿಸಲು ಇನ್ನೊಬ್ಬನಿಗೆ ಸಾಕುಸಾಕಾಗುತ್ತಿತ್ತು. ಈ ಸಲ ಬಂದಾಗಿನಿಂದ ಎಲ್ಲರೂ ಗುಮ್ಮನೆ ಕುಳಿತಿದ್ದಾರೆ. ಹೆಂಡತಿ ಹೋದ ಮೇಲೆ ದರ್ಜಿಯ ಮನೆಯಲ್ಲಿ ಸದ್ದು ಮಾಡುವುದು ಹೊಲಿಗೆ ಮೆಷಿನ್ ಒಂದೇ. ಇಲ್ಲಿಗೆ ಬಂದರಾದರೂ 'ಹೇಗಿದ್ದೀಯೋ' ಎಂದು ಯಾರಾದರೂ ಕೇಳಿಯಾರು ಅಂದುಕೊಂಡಿದ್ದ. ಕೇಳಲಿಲ್ಲ.

ಬೆಳಿಗ್ಗೆ ಅವನು ಡೇರೆಯ ಹರಿದ ಮೂಲೆಗೆ ಹೊಲಿಗೆ ಹಾಕುತ್ತಿದ್ದಾಗ ಕಾಂಪೌಂಡರ್ ಕೊಡ ಎತ್ತಿಕೊಂಡ.

"ತೊರೆಗೆ ಹೋಗ್ತಿದೀನಿ. ಯಾರಾದ್ರೂ ಬರ್ತೀರಾ?"

ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಬೀಗದವನು, "ಸೌದೆ ತರ್ತೀನಿ, ನನಗೋಸ್ಕರ ಕಾಯೋದೇನೂ ಬೇಡ" ಎಂದು ಹೊರಟ. ಪೇಂಟರ್ ಕಂಕುಳಲ್ಲಿ ಚಿತ್ರದ ಪುಸ್ತಕ ಸಿಕ್ಕಿಸಿಕೊಂಡು ಒಂದು ಕ್ಷಣ ನಿಂತ.

"ತಡ ಆದ್ರೆ ಹುಡುಕ್ಕೊಂಡು ಬರ್ತೀಯ ತಾನೇ?"

ದರ್ಜಿಯ ಹಲ್ಲಿನ ನಡುವೆ ದಾರವಿತ್ತು. "ಹೂಂ" ಎಂದ. ತಲೆ ಎತ್ತಲಿಲ್ಲ.

ಒಬ್ಬನೇ ಉಳಿದಾಗ ಅವನಿಗೆ ಈ ಹುಚ್ಚು ಹೊಳೆಯಿತು. ಅರ್ಧ ಗಂಟೆಯಲ್ಲಿ ಮೂವರೂ ಬರುತ್ತಾರೆ. ಬಂದಾಗ ತಾನಿರಬಾರದು. ಯಾರ ಕರುಳು ಚುರುಕ್ ಅನ್ನುತ್ತದೋ ನೋಡೇಬಿಡೋಣ. ಒಬ್ಬ ಕೂಗಿದರೂ ಸಾಕು, ಎದ್ದು ಹೋಗುವುದು. ನಾಲ್ಕು ಗಂಟೆಯೊಳಗೆ ಯಾರೂ ಕೂಗದಿದ್ದರೆ ಚೀಲ ಎತ್ತಿಕೊಂಡು ರಸ್ತೆಗಿಳಿಯುವುದು. ಆಮೇಲೆ ಈ ಜನ್ಮದಲ್ಲಿ ಇವರ ಮುಖ ನೋಡುವುದಿಲ್ಲ.

ಹನ್ನೆರಡಾಯಿತು. ಅಡುಗೆಯಲ್ಲಿ ಮುಳುಗಿರಬೇಕು, ಪಾಪ. ಒಂದಾಯಿತು. ಊಟಕ್ಕೆ ತಟ್ಟೆ ಹಾಕುವಾಗಲಾದರೂ ಒಂದು ಕಡಿಮೆ ಇದೆ ಎಂದು ಗೊತ್ತಾಗಬೇಡವೇ? ಒಮ್ಮೆ ಪೊದೆಗಳಾಚೆ ಎಲ್ಲೋ ಕೆಮ್ಮಿದಂತಾಯಿತು. ದರ್ಜಿ ದಿಗ್ಗನೆ ಎದ್ದು ಅಂಗಿ ಸರಿಮಾಡಿಕೊಂಡ, ಸಿಟ್ಟಿನ ಮುಖವನ್ನೂ ಸಿದ್ಧಮಾಡಿಕೊಂಡ. ಯಾರೂ ಬರಲಿಲ್ಲ. ಕೋತಿ ಇರಬೇಕು.

ಮೂರಾಯಿತು. ಕಣ್ಣು ತುಂಬಿಬಂತು. ತಾನು ಸತ್ತರೂ ಇವರಿಗೆ ಒಂದು ವಾರ ಬಿಟ್ಟು ಗೊತ್ತಾಗುತ್ತದೆ ಎನ್ನಿಸಿತು. ಅದೂ ಯಾರೋ ಹೊಲಿಯಲು ಕೊಟ್ಟ ಪ್ಯಾಂಟು ಕೇಳಿಕೊಂಡು ಬಂದರೆ.

ನಾಲ್ಕಕ್ಕೆ ಎದ್ದ. ಚೀಲ ತೆಗೆದುಕೊಳ್ಳಬೇಕಲ್ಲ, ಡೇರೆಯ ಕಡೆಗೇ ನಡೆದ. ನಾಲ್ಕು ಮಾತು ಮುಖದ ಮೇಲೆ ಹೊಡೆದಂತೆ ಆಡಿಯೇ ಹೋಗುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ.

ಒಲೆ ತಣ್ಣಗಿತ್ತು. ತಟ್ಟೆಗಳು ತೊಳೆದಿಟ್ಟ ಹಾಗೇ ಇದ್ದವು. ಮೂವರೂ ಒಂದೇ ಮರದ ದಿಮ್ಮಿಯ ಮೇಲೆ, ಒಬ್ಬರ ಮುಖ ಒಬ್ಬರು ನೋಡದೆ ಕುಳಿತಿದ್ದರು. ಎದುರಿಗೆ ಫಾರೆಸ್ಟ್ ಗಾರ್ಡ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಥೂ, ಒಬ್ಬನಾದ್ರೂ ನನ್ನನ್ನ ಹುಡುಕಿದ್ರೇನ್ರೋ?" ದರ್ಜಿ ಕೂಗಿದ.

ಕಾಂಪೌಂಡರ್ ಕಣ್ಣೊರೆಸಿಕೊಂಡ. "ನೀನು ಹುಡುಕಿದ್ಯೇನೋ ನನ್ನನ್ನ?"

ಗಾರ್ಡ್ ದರ್ಜಿಯನ್ನು ಮೇಲಿಂದ ಕೆಳಗೆ ನೋಡಿದ.

"ಯಾರಾದ್ರೂ ಹುಡುಕ್ಕೊಂಡು ಬರ್ತಾರಾ ನೋಡೋಣ ಅಂತ ಬೆಳಿಗ್ಗೆಯಿಂದ ಕೂತಿದ್ರಂತೆ, ಈ ಮೂವರನ್ನೂ ಮೂರು ಬಂಡೆ ಹಿಂದಿನಿಂದ ಎಬ್ಬಿಸ್ಕೊಂಡು ಬಂದಿದೀನಿ, ನೀವು ಯಾವ ಬಂಡೆ ಹಿಂದೆ ಇದ್ರಿ ಸ್ವಾಮಿ?"