ಜಡ್ಜರ ಸಾಲು

“ವಿಮಾನ ಇಳಿಸಿ,” ಎಂದ ಇನ್‌ಸ್ಪೆಕ್ಟರ್ ನರಸಿಂಹಲು.

ಹೊತ್ತವರು ಅಕ್ಕನಾಗಮ್ಮನ ಮುಖ ನೋಡಿದರು. ಆಕೆ ಕಣ್ಣಲ್ಲೇ ಹೂಂ ಎಂದಳು. ಬಾಳೆಕಂಬ, ಚೆಂಡುಹೂವು ಕಟ್ಟಿದ ವಿಮಾನ ರುದ್ರಭೂಮಿಯ ಬಾಗಿಲಲ್ಲಿ ನೆಲ ಮುಟ್ಟಿತು. ಅದರೊಳಗೆ ಹೆಣ ಕೂತಿತ್ತು. ತಲೆಗೆ ಜರಿ ರುಮಾಲು, ಮೈಗೆ ಕೋರ್ಟಿನ ಕರಿ ಕೋಟು, ಮುಖದ ಮೇಲೆ ರೇಷ್ಮೆ ವಸ್ತ್ರ.

ಬೆಳಕು ಹರಿಯುವಷ್ಟರಲ್ಲಿ ಹೊಸಪೇಟೆಗೆಲ್ಲ ಸುದ್ದಿಯಾಗಿತ್ತು, ರಿಟೈರಾದ ಜಡ್ಜ್ ಕೊಟ್ರಯ್ಯನವರು ಸಿಡುಬು ಬಂದು ತೀರಿಕೊಂಡರಂತೆ ಎಂದು. ಸಿಡುಬು ಅಂದಮೇಲೆ ನೆಂಟರೂ ದೂರ, ದಾಯಾದಿಗಳೂ ದೂರ. ಮೈ ತೊಳೆದು ವಿಭೂತಿ ಬಳಿದವರು ಜಡ್ಜರ ಹೆಂಡತಿ ಅಕ್ಕನಾಗಮ್ಮ ಮತ್ತು ಮಠದ ಮುದಿ ಅಯ್ಯ, ಇಬ್ಬರೇ. ಹೊರಲು ಬಂದವರು ಹಿಂದೆ ಸಿಡುಬು ಬಂದು ಬದುಕುಳಿದ ನಾಲ್ವರು.

ಪೊಲೀಸರು ಮಾತ್ರ ದೂರ ನಿಲ್ಲಲಿಲ್ಲ. ಅವರಿಗೆ ಬೇಕಾಗಿದ್ದವನು ಜಡ್ಜರ ಒಬ್ಬನೇ ಮಗ ಜಂಬಯ್ಯ. ನಲವತ್ತೆರಡರ ಚಳವಳಿಯಲ್ಲಿ ರೈಲು ಹಳಿ ಕಿತ್ತು, ಸಂಡೂರು ಸಂಸ್ಥಾನದ ಗಣಿಗಳ ಕಡೆ ತಲೆಮರೆಸಿಕೊಂಡಿದ್ದವನು. ಅಪ್ಪ ಕಾಂಗ್ರೆಸ್ಸಿನವರನ್ನು ಜೈಲಿಗೆ ಕಳಿಸಿದವರು, ಮಗ ಅದೇ ಕಾಂಗ್ರೆಸ್ಸಿನ ಪುಢಾರಿ. ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಅಪ್ಪನ ಮಣ್ಣಿಗೆ ಮಗ ಬಾರದೆ ಇರುತ್ತಾನೆಯೇ? ನರಸಿಂಹಲು ಮುಂಜಾನೆಯೇ ಮನೆ ಜಾಲಾಡಿ, ಬರಿಗೈಲಿ ಬಂದು, ಇಲ್ಲಿ ಬಲೆ ಹಾಸಿದ್ದ.

ಅಕ್ಕನಾಗಮ್ಮ ವಿಮಾನದ ಬಾಳೆಕಂಬ ಹಿಡಿದು ನಿಂತಳು. ಹೋದ ತಿಂಗಳಷ್ಟೇ ಚಳವಳಿಯ ಹುಡುಗನೊಬ್ಬ ಸಿಕ್ಕಿಬಿದ್ದು ಸತ್ತಾಗ ಹೆಣವನ್ನೂ ಮನೆಯವರಿಗೆ ಕೊಡದೆ ಸುಟ್ಟುಬಿಟ್ಟಿದ್ದರು. ಲಿಂಗ ಕಟ್ಟಿದ ಮೈಗೆ ಬೆಂಕಿ. ಬಚ್ಚಿಟ್ಟುಕೊಂಡ ಮನೆಯವರನ್ನು ಜೈಲಿಗೆ ಹಾಕಿ ಮನೆ ಜಪ್ತಿ ಮಾಡಿದ್ದರು. ಶಿವನೇ, ಇವತ್ತೊಂದು ದಿನ ನನ್ನ ಮಗ ಇವರ ಕೈಗೆ ಸಿಗದಿರಲಿ. ಅಷ್ಟೇ ಆಕೆಯ ಬೇಡಿಕೆ.

“ಒಂದು ಮಾತು ಕೇಳ್ತೀನಮ್ಮಾ,” ಎಂದ ನರಸಿಂಹಲು. ಅನಂತಪುರದವನು, ಈ ಊರಿಗೆ ಹೊಸಬ. ಜಡ್ಜರನ್ನು ಕಂಡವನಲ್ಲ. “ನಿಮ್ಮ ಯಜಮಾನರು ಮನೆ ಬಿಟ್ಟು ಹೊರಗೆ ಹೋದವರಲ್ಲ. ಸಿಡುಬು ಇರೋದು ಸಂಡೂರಿನ ಕೂಲಿಗಳ ಗುಡಿಸಲಲ್ಲಿ. ಇಲ್ಲಿಗೆ ಹೇಗೆ ಬಂತು?”

ಆಕೆ ವಿಮಾನದ ಚೆಂಡುಹೂವಿನ ಸರ ಸರಿಪಡಿಸಿದಳು.

“ಮಗ ತಂದ. ಅಂದರೆ ಮಗ ಮನೆಗೆ ಬಂದಿದ್ದ.”

“ತಾಯಿ ಇರೋ ಮನಿಗೆ ಮಕ್ಕಳು ಬರ್ತಾರ್ರಿ.”

“ಈಗ ಎಲ್ಲಿದ್ದಾನೆ?”

“ನಾ ಹೇಳಂಗಿಲ್ಲ.”

ನರಸಿಂಹಲು ವಿಮಾನದ ಕಡೆ ತಿರುಗಿದ. ಕೂತ ಹೆಣವನ್ನು ಕಂಡರೆ ಹೊಸಬರಿಗೆ ಅನುಮಾನ ಬರುವುದು ಸಹಜ. ಪೇದೆ ತಾಯಪ್ಪನಿಗೆ ಮುಟ್ಟಿ ನೋಡು ಎಂದ. ತಾಯಪ್ಪ ಹಿಂದೆ ಸರಿದು, “ಬ್ಯಾಡ್ರಿ ಸಾಹೇಬ್ರ, ಅಮ್ಮ ಬಂದು ಹೋದ ಮೈ ಐತಿ. ಮನ್ಯಾಗ ಸಣ್ಣ ಕೂಸದಾವು,” ಎಂದ. ಕೊನೆಗೆ ನರಸಿಂಹಲುವೇ ಹೋಗಿ ಮಣಿಕಟ್ಟು ಹಿಡಿದ. ಅವನ ಹೆಬ್ಬೆರಳು ಅಂಗೈಯ ದಡ್ಡುಗಟ್ಟಿದ ಚರ್ಮದ ಮೇಲೆ ಒಂದು ಕ್ಷಣ ನಿಂತಿತು. ಅವನು ರೇಷ್ಮೆ ವಸ್ತ್ರ ಎತ್ತಿದ. ವಿಭೂತಿಯಡಿ ಮುಖವೆಲ್ಲ ಒಡೆದ ಬೊಕ್ಕೆ. ಥಟ್ಟನೆ ವಸ್ತ್ರ ಬಿಟ್ಟು ಕರವಸ್ತ್ರಕ್ಕೆ ಕೈ ಒರೆಸಿಕೊಂಡ.

“ತಣ್ಣಗಿದೆ. ಹೋಗಿ,” ಎಂದ.

ರುದ್ರಭೂಮಿಯ ಬಡಗಣ ಗೋಡೆಗೆ ಹತ್ತಿಕೊಂಡಿದ್ದದ್ದು ಜಡ್ಜರ ಸಾಲು. ಮುನ್ಸೀಫರು, ಮ್ಯಾಜಿಸ್ಟ್ರೇಟರು, ಕೊಟ್ರಯ್ಯನವರ ತಂದೆ. ಅದರೆದುರು ತಾಲೂಕು ಬೋರ್ಡಿನ ಅಧ್ಯಕ್ಷರು, ಕೌನ್ಸಿಲಿಗೆ ನಿಂತು ಗೆದ್ದವರು, ಸೋತವರು. ಇಲ್ಲಿ ಮಲಗಿದವರು ಯಾರೂ ಇಲ್ಲ. ಲಿಂಗವಂತರ ಪದ್ಧತಿಯಂತೆ ಎಲ್ಲರೂ ಮಣ್ಣೊಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಬದುಕಿದ್ದಾಗ ಕುರ್ಚಿಗಾಗಿ ಕಿತ್ತಾಡಿದವರಿಗೆ ಈಗ ನೆಲವೇ ಸಾಕಾಗಿದೆ. ಜಡ್ಜರ ಸಾಲಿನಲ್ಲಿ ರಾಜಕಾರಣದವರಿಗೆ ಜಾಗವಿಲ್ಲವೆಂದು ಕೊಟ್ರಯ್ಯನವರೇ ಕಟ್ಟಳೆ ಮಾಡಿದ್ದರು. ತಂದೆಯ ಮಗ್ಗುಲ ಜಾಗವನ್ನು ತಮಗೆಂದು ಕಾದಿಟ್ಟುಕೊಂಡಿದ್ದರು.

ಕಂಪ್ಲಿಯಿಂದ ಬಂದಿದ್ದ ಜಡ್ಜರ ಅಕ್ಕ ಮರುಳಸಿದ್ದಮ್ಮ ದೂರದಿಂದಲೇ ಅಳುತ್ತಾ ಕೂಗಿದಳು. “ಅಕ್ಕನಾಗೂ, ಬಳಿ ಒಡಸ್ಕೊಳವ್ವ. ಹಂಗs ಕುಂತರ ಮಂದಿ ಏನಂದಾರು?”

“ಈಗ ಬ್ಯಾಡ್ರಿ ಅಕ್ಕಾರ.”

“ಮಗ ಬರ್ತಾನಂತ ಕಾಯ್ತಿ ಏನು? ಬಂದ್ರ ಹಿಡದುಬಿಡ್ತಾರ.”

ಅಕ್ಕನಾಗಮ್ಮ ಸೆರಗಿನೊಳಗೆ ಕೈ ಎಳೆದುಕೊಂಡಳು. ಪೊಲೀಸರು ನೆರೆದವರ ರುಮಾಲು ಬಿಚ್ಚಿಸಿ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಗಡ್ಡದವನನ್ನು ಕಂಡರೆ ಗಡ್ಡ ಜಗ್ಗುತ್ತಿದ್ದರು. ಅಯ್ಯ ಗುಣಿಗಿಳಿದು, ಹೆಣವನ್ನು ಗೂಡಿನಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಪತ್ರಿ ಏರಿಸಿದ. ಅಕ್ಕನಾಗಮ್ಮ ಒಂದು ಹಿಡಿ ಮಣ್ಣು ಹಾಕಿದಳು. ಅದುವರೆಗೆ ಕಲ್ಲಾಗಿ ನಿಂತವಳು ಅಲ್ಲಿಯೇ ಕುಸಿದಳು. ಕರುಳು ಕಿತ್ತು ಬರುವಂಥ ಅಳು.

ಗುಣಿ ಮುಚ್ಚಿತು. ಜಂಬಯ್ಯನ ಸುಳಿವಿಲ್ಲ.

“ಎಂಥ ಮಗನಮ್ಮಾ ನಿಮ್ಮವನು,” ಎಂದ ನರಸಿಂಹಲು. ಸೋತ ದನಿಯಲ್ಲಿ ಸ್ವಲ್ಪ ಕನಿಕರವೂ ಇತ್ತು. “ಹೆತ್ತಪ್ಪನ ಮಣ್ಣಿಗೂ ಬರಲಿಲ್ಲ.”

“ಹಂಗ ಅನಬ್ಯಾಡ್ರಿ,” ಎಂದಳು. “ನನ್ನ ಮಗ ಅವರಪ್ಪನ ಮಾತು ಯಾವತ್ತೂ ಕೇಳ್ದಾವಲ್ಲ. ಆದ್ರ ಅವರಪ್ಪಗ ಅವನ ಮ್ಯಾಲ ಭಾಳ ಜೀವ ಇತ್ರಿ.”

ಅವನಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ಪೇದೆಗಳನ್ನು ಕಟ್ಟಿಕೊಂಡು ಸ್ಟೇಶನ್ನಿನ ದಾರಿ ಹಿಡಿದ. ಮರುಳಸಿದ್ದಮ್ಮ ಸಿಡುಬಿನ ಮನೆಗೆ ಕಾಲಿಡಲು ಹೆದರಿ ಕಂಪ್ಲಿಯ ಬಂಡಿ ಹತ್ತಿದಳು. ಇಳಿಹೊತ್ತಿನ ಬಿಸಿಲಲ್ಲಿ ಅಕ್ಕನಾಗಮ್ಮ ಅಯ್ಯನ ಹಿಂದೆ ಮಠಕ್ಕೆ ನಡೆದಳು. ಅಯ್ಯ ಹಿತ್ತಿಲ ಕೋಣೆಯ ಚಿಲಕ ತೆಗೆದು, ತಾನು ಹೊರಗೇ ನಿಂತ.

ಒಳಗೆ ಮೀಸೆ ಬೋಳಿಸಿ, ಕಾವಿ ಸುತ್ತಿಕೊಂಡು ಕೂತಿದ್ದ ಜಡ್ಜ್ ಕೊಟ್ರಯ್ಯನವರು ತಲೆಯೆತ್ತಿ ಕೇಳಿದರು: “ನಮ್ಮ ಜಂಬಯ್ಯನ್ನ ನೆಟ್ಟಗ ಕುಂದ್ರಿಸಿದ್ರೇನು?”