ಕಾಂಪೌಂಡರೇ ಕಳ್ಳ

ಅಂದು ಬೆಳಿಗ್ಗೆ ಮೋಡ ಮುಚ್ಚಿಕೊಂಡಿತ್ತು, ಮಳೆಯಿಲ್ಲ. ಎಲೆ ಅಲುಗುವಷ್ಟೂ ಗಾಳಿಯಿಲ್ಲ.

"ಕಾಂಪೌಂಡರೇ ಕಳ್ಳ. ಬರೆದಿಟ್ಕೋ," ಎಂದರು ನಿವೃತ್ತ ಹೆಡ್‌ಮಾಸ್ತರರು, ಕುರ್ಚಿಯ ತುದಿಗೆ ಸರಿದು.

ಮಗಳು ಪುಟ ಮಗುಚಿದಳು. "ಇನ್ನೂ ಒಂದು ಅಧ್ಯಾಯ ಇದೆಯಪ್ಪ."

ಅವರ ಕಣ್ಣು ಹೋಗಿ ಎರಡು ವರ್ಷ. ಅಂದಿನಿಂದ ದಿನಾ ಬೆಳಿಗ್ಗೆ ಓದಿ ಹೇಳುವವಳು ಅವಳೇ. ಓದಿಸಿಕೊಂಡದ್ದು ಹಳೆಯ ಕಾವ್ಯ, ತಾವೇ ಹೊಲಿದು ರಟ್ಟು ಕಟ್ಟಿದ ಪ್ರತಿ. ಅವಳು ತಡವರಿಸಿದರೆ ಮುಂದಿನ ಸಾಲು ಅವರ ಬಾಯಲ್ಲೇ ಇರುತ್ತಿತ್ತು. ಹೋದ ವಾರ ಅವಳು, "ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿ ತಂದಿದ್ದೀನಿ, ಈಗಿನವರದ್ದು" ಎಂದಾಗ ಮೂಗು ಮುರಿದಿದ್ದರು. ವೈದ್ಯರೊಬ್ಬರ ಮನೆ, ಕಾಣೆಯಾದ ಚಿನ್ನದ ನಿಬ್ಬಿನ ಪೆನ್ನು, ಅಪವಾದ ಹೊತ್ತ ಕಾಂಪೌಂಡರು. ಎರಡನೆಯ ದಿನಕ್ಕೇ ಕಾಫಿ ಆರಿಹೋದದ್ದು ಗೊತ್ತಾಗಲಿಲ್ಲ.

ಒಂದೇ ತಕರಾರು. "ನಿನ್ನೆ ಹಸಿರು ಬಾಗಿಲು ಅಂದೆ. ಇವತ್ತು ನೀಲಿ ಅಂತೀಯ."

"ಈಗಿನ ಬರಹಗಾರರು, ಅಪ್ಪ. ನಿಮ್ಮ ಕವಿಗಳಷ್ಟು ಜೋಪಾನ ಎಲ್ಲಿ?"

"ಕೊಡಿಲ್ಲಿ. ಎಷ್ಟು ದಪ್ಪ ಇದೆ ನೋಡ್ತೀನಿ."

"ಬೇಡ. ಲೈಬ್ರರೀದು. ನಿಮ್ಮ ಕೈಯೆಲ್ಲ ಮುಲಾಮು."

ಅವರು ನಕ್ಕರು. "ಆ ಕಾಂಪೌಂಡರ್ ಅಳ್ತಾನಲ್ಲ, ನನ್ನ ಸ್ಕೂಲಿನ ಜವಾನನೂ ಹಾಗೇ ಅತ್ತಿದ್ದ. ನಮ್ಮಪ್ಪನ ಜೇಬುಗಡಿಯಾರ ಹೋದ ದಿನ ಮನೆಗೆ ಬಂದವನು ಅವನೊಬ್ಬನೇ. ಅವತ್ತೇ ಕೆಲಸದಿಂದ ತೆಗೆಸಿದೆ. ಮುಖ ನೋಡಿದ್ರೇ ಗೊತ್ತಾಗ್ತಿತ್ತು ನನಗೆ."

"ಹಿಂದಿನ ಬೀದೀಲೇ ಇದ್ದಾರಪ್ಪ. ಕಳ್ಳನ ಮನೆ ಹುಡುಗಿ ಅಂತ ಈಗ ಅವರ ಮೊಮ್ಮಗಳಿಗೂ ಯಾರೂ ಕೆಲಸ ಕೊಡ್ತಿಲ್ವಂತೆ."

"ಅದಕ್ಕೆ ನಾನೇನು ಮಾಡಲಿ? ಓದು ನೀನು."

ಅವಳು ನೀರು ಕುಡಿದಳು. ಪುಟದ ಸದ್ದು ಕೇಳಲಿಲ್ಲ.

"ಪೆನ್ನನ್ನು ಯಾರೂ ಕದ್ದಿರಲಿಲ್ಲ. ವೈದ್ಯರ ಮಗಳು, ಎಂಟು ವರ್ಷದವಳು, ಆಡಲು ತೆಗೆದುಕೊಂಡಳು. ಕೈಜಾರಿ ಬಿದ್ದು ಮುರಿಯಿತು. ಅಪ್ಪನಿಗೆ ಹೆದರಿ ಬಚ್ಚಿಟ್ಟಳು. ಕಾಂಪೌಂಡರು ಅಳುವಾಗ ಅವಳು ಬಾಗಿಲ ಹಿಂದೆಯೇ ನಿಂತಿದ್ದಳು."

"ಥೂ, ಮೋಸ! ಇಷ್ಟು ದಿನದಲ್ಲಿ ಆ ಮಗು ಒಂದು ಸಲವಾದ್ರೂ ಬಂತಾ?"

"ದಿನಾ ಬರ್ತಿದ್ದಳು, ಅಪ್ಪ."

ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟಳು. ಅವರ ಹೆಬ್ಬೆರಳು ಅದರ ಬೆನ್ನಗುಂಟ ಸರಿದು, ತಾವೇ ಹಾಕಿದ ದಾರದ ಮೂರು ಗಂಟುಗಳ ಮೇಲೆ ನಿಂತಿತು. ಅದೇ ಹಳೆಯ ಕಾವ್ಯ.

ಅವರು ಬಾಯಿ ತೆರೆಯುವ ಮೊದಲೇ ಅಂಗೈಗೆ ಇನ್ನೊಂದು ಬಂತು: ತಣ್ಣಗೆ, ದುಂಡಗೆ, ಗಾಜು ಬಿರಿದ ಜೇಬುಗಡಿಯಾರ.