ಭಜನೆ ಮನೆಯ ಹಾರ್ಮೋನಿಯಂ

"ಮಿಸ್, ನಾನೂ ನುಡಿಸ್ಲಾ?" ಎಂದ ಸ್ಫೂರ್ತಿ ಆಗಲೇ ಬಲಗಾಲು ಚಾಚಿದ್ದಳು. ಹುಟ್ಟಿನಿಂದಲೇ ಕೈಗಳಿಲ್ಲದ ಆ ಹುಡುಗಿ ಬರೆಯುವುದೂ ಕಾಲಿನಲ್ಲೇ. ಟೀಚರ್ ಅನುಪಮಾ ಗಾಬರಿಯಾದಳು. ಎದುರಿಗಿದ್ದದ್ದು ಭಜನೆ ಮನೆಯಲ್ಲಿ ದಿನಾ ಪೂಜೆಗೊಳ್ಳುವ ಹಾರ್ಮೋನಿಯಂ. ಮಕ್ಕಳಿಗೆ ಹಾಡು ಕೇಳಿಸುವುದೂ ದೇವರ ಸೇವೆಯೇ ಎಂದು ಅವಳು ಎಷ್ಟೋ ಬೇಡಿದ ಮೇಲೆ, ಭಜನಾ ಮಂಡಳಿಯ ಹಿರಿಯರಾದ ಹನುಮಂತಪ್ಪ ಅದನ್ನು ಹಿರೇನಲ್ಲೂರಿನ ಶಾಲೆಗೆ ತರಲು ಒಪ್ಪಿದ್ದರು. ಜೊತೆಗೆ ತಬಲಾ ನುಡಿಸಲು ಬಂದಿದ್ದ ಅವರು ಈಗ ಹೊರಗೆ ಜಗಲಿಯಲ್ಲಿ ಟೀ ಕುಡಿಯುತ್ತಿದ್ದರು. ಅದಕ್ಕೆ ಕಾಲು ತಾಗುವುದನ್ನು ಅವರು ಕಂಡರೆ ಹಾರ್ಮೋನಿಯಂ ಇನ್ನೆಂದೂ ಶಾಲೆಗೆ ಬಾರದು.

"ಲೇ, ದೇವ್ರ ಪೆಟ್ಟಿಗೆಗೆ ಕಾಲ್ ಹಾಕ್ತೀಯೇನೇ?" ಹಿಂದಿನ ಸಾಲಿನ ಹುಡುಗಿಯೊಬ್ಬಳು ಗದರಿದಳು. ಸ್ಫೂರ್ತಿ ಕಾಲನ್ನು ಲಂಗದೊಳಗೆ ಎಳೆದುಕೊಂಡು ತಲೆ ತಗ್ಗಿಸಿದಳು.

ಅನುಪಮಾ ಬಾಗಿಲ ಕಡೆ ನೋಡಿದಳು. ಆಮೇಲೆ ಪೆಟ್ಟಿಗೆಯನ್ನು ಹುಡುಗಿಯ ಹತ್ತಿರಕ್ಕೆ ಸರಿಸಿ, ತಾನೇ ಗಾಳಿ ಹಾಕತೊಡಗಿದಳು. ಸ್ಫೂರ್ತಿಯ ಕಾಲಿನ ಪುಟ್ಟ ಹೆಬ್ಬೆರಳು ಹೆದರುತ್ತ ಒಂದು ಬಿಳಿ ಪಟ್ಟಿಯ ಮೇಲಿಳಿಯಿತು, ಮತ್ತೊಂದಕ್ಕೆ ಸರಿಯಿತು.

"ಅದ್ಯಾರಮ್ಮಾ, ಸರಿಗಮಾನ ಇಷ್ಟು ತಡವರಿಸ್ತಾ ಇರೋದು?" ಹೊರಗಿನಿಂದ ಹನುಮಂತಪ್ಪ ನಗುತ್ತ ಕೂಗಿದರು.

"ಸ್ಫೂರ್ತಿ ಅಂತ, ಐದನೇ ಕ್ಲಾಸು. ಈಗಿನ್ನೂ ಕಲೀತಿದಾಳೆ" ಎಂದಳು ಅನುಪಮಾ. ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿ, ಗಾಳಿ ಹಾಕುತ್ತಲೇ ಇದ್ದಳು.